ನನ್ನತ್ತ ತಿರುಗಿದ ಮುಳ್ಳು

ಮಂಡ್ಯ, ೧೨ ಜುಲೈ ೧೯೩೮, ಮಂಗಳವಾರ

ಕಣ್ಣು ಮುಚ್ಚಿದರೆ ಆ ದಿಕ್ಸೂಚಿಯೇ ಕಾಣುತ್ತದೆ. ಫಿಸಿಕ್ಸ್ ತರಗತಿಯಲ್ಲಿ ಇವತ್ತು ಹುಡುಗರ ಮುಳ್ಳುಗಳೆಲ್ಲ ಉತ್ತರಕ್ಕೆ ನಿಂತವು. ಇರುವ ಒಬ್ಬಳೇ ಹುಡುಗಿ ನಾನು, ನನ್ನ ಮುಳ್ಳು ಮಾತ್ರ ನನ್ನ ಸೊಂಟದ ಕಡೆಗೆ ತಿರುಗಿತು. ಹಿಂದೆ ಸರಿದೆ, ಸರಿಹೋಯಿತು. ಹತ್ತಿರ ಬಂದೆ, ಮತ್ತೆ ನನ್ನತ್ತಲೇ.

"ದೆವ್ವ ಮೆಟ್ಕೊಂಡದೆ ಕಣ್ಲಾ," ಎಂದ ಹಿಂದಿನ ಬೆಂಚಿನ ಚಿಕ್ಕೋನ.

ರಾಮಾನುಜ ಮೇಷ್ಟ್ರು ಮೇಜಿನಡಿ ಮೊಳೆ ಇದೆಯೇ ಎಂದು ಬಗ್ಗಿ ನೋಡಿದರು. "ಕಬ್ಬಿಣ ಏನಾದರೂ ಇಟ್ಕೊಂಡಿದೀಯೇನಮ್ಮ?"

"ಇಲ್ಲ ಸಾರ್."

ಲಂಗದ ಒಳಗೆ ಉಗ್ರಾಣದ ಬೀಗದ ಕೈ ತಣ್ಣಗೆ ಒತ್ತುತ್ತಿತ್ತು. ಹೋದ ವಾರ ನಾನು ದೊಡ್ಡವಳಾದಾಗ ಅಜ್ಜಿ ಕಟ್ಟಿದ್ದು. "ಕಬ್ಬಿಣ ಮೈಮೇಲಿರಲಿ, ಗಾಳಿ ಸೋಕೋಲ್ಲ," ಎಂದಿದ್ದಳು. ಅಮ್ಮ ಬಾಗಿಲು ಹಾಕಿ ಬಂದು, "ಯಾರಿಗೂ ಬಾಯಿ ಬಿಡಬೇಡ ಕಣೇ. ನಿಮ್ಮಪ್ಪನಿಗೆ ಗೊತ್ತಾದರೆ ಸ್ಕೂಲು ಬಿಡಿಸಿ ಮದುವೆ ಮಾಡಿಬಿಡ್ತಾರೆ," ಎಂದಳು. ದೆವ್ವ ಬರದಿರಲೆಂದು ಕಟ್ಟಿದ್ದು ಇವತ್ತು ನನ್ನನ್ನೇ ದೆವ್ವ ಮಾಡಿತು.

ನಾಳೆ ಮೇಷ್ಟ್ರು ಅದೇ ಪ್ರಯೋಗವನ್ನು ನನ್ನ ಕೈಯಲ್ಲಿ ಮತ್ತೆ ಮಾಡಿಸುತ್ತಾರಂತೆ. ಬೀಗದ ಕೈ ಬಿಚ್ಚಿ ದಿಂಬಿನ ಕೆಳಗಿಟ್ಟೆ. ಗಾಳಿಯ ಹೆದರಿಕೆ ನನಗಿಲ್ಲ. ಆದರೆ ನಾಳೆ ಮುಳ್ಳು ನೆಟ್ಟಗೆ ನಿಂತರೆ, ಇವತ್ತು ನನ್ನ ಮೈಮೇಲೆ ಕಬ್ಬಿಣವಿತ್ತು ಎಂದು ಅವರಿಗೆ ಹೊಳೆದುಬಿಡುತ್ತದೆ. ಯಾಕಿತ್ತು ಎಂಬುದೂ. ಅವರಿಗೂ ಮೂವರು ಹೆಣ್ಣುಮಕ್ಕಳು. ಸಾಯಂಕಾಲ ಅಪ್ಪನ ಜೊತೆ ನಮ್ಮ ಜಗಲಿಯ ಮೇಲೆ ಕಾಫಿ ಕುಡಿಯುವವರು ಅವರೇ.

ಕಟ್ಟಿಕೊಂಡು ಹೋದರೂ ಮುಳ್ಳು ಹೇಳುತ್ತದೆ. ಬಿಚ್ಚಿಟ್ಟು ಹೋದರೂ ಹೇಳುತ್ತದೆ.