ತೆರೆದಿಟ್ಟ ಗೇಟು

ಮನೆಯಿಂದ,
ಸೋಮವಾರ, ಜನವರಿ ೧೨

ಪ್ರೀತಿಯ ಮಗನೇ,

ಹಡಗಿನ ಎಂಜಿನ್ ಕೋಣೆಯ ಸೆಕೆಗೆ ನಿನ್ನ ಬೆನ್ನಿನ ಮೇಲೆ ಎದ್ದಿದ್ದ ಬೆವರುಸಾಲೆ ಅಡಗಿತೆ? ನಾನು ಕಳುಹಿಸಿದ ಪುಡಿಯನ್ನು ಹಚ್ಚಿಕೊಳ್ಳುತ್ತಿರುವೆಯೋ, ಇಲ್ಲ ಚಿಕ್ಕಂದಿನಂತೆ ಡಬ್ಬಿಯನ್ನು ಪೆಟ್ಟಿಗೆಯ ತಳಕ್ಕೆ ತಳ್ಳಿ “ಹಚ್ಕೊಂಡೆ ಅಮ್ಮಾ” ಎನ್ನುವ ಅಭ್ಯಾಸವೇ ಮುಂದುವರಿದಿದೆಯೋ? ಇಲ್ಲಿ ಎಲ್ಲರೂ ಕ್ಷೇಮ. ನನ್ನ ಮಂಡಿ ಮೆಟ್ಟಿಲು ಕಂಡಾಗ ಮಾತ್ರ ಮುನಿಸಿಕೊಳ್ಳುತ್ತದೆ. ನಿನ್ನ ಹೆಂಡತಿ ಔಷಧದ ಅಂಗಡಿಯ ಕೆಲಸ ಮುಗಿಸಿ ಬರುವುದು ತಡವಾಗುವುದರಿಂದ ಸಂಜೆಯ ಅಡುಗೆ ನನ್ನದೇ. ಉಪ್ಪು ಕಡಿಮೆಯೆಂದು ಅವಳೂ ನಿನ್ನ ಮಗಳೂ ಕಣ್ಣಿನಲ್ಲೇ ಮಾತಾಡಿಕೊಳ್ಳುವುದು ನನಗೆ ಕಾಣುವುದಿಲ್ಲವೆಂದು ಇಬ್ಬರೂ ನಂಬಿದ್ದಾರೆ.

ನಿನ್ನ ಹಿಂದಿನ ಪತ್ರವನ್ನು ಎರಡು ಬಾರಿ ಓದಿದೆ. “ಮಗಳು ಪ್ರತಿ ಸಲ ಕೊನೇ ಸುತ್ತಲ್ಲಿ ಸೋತು ಅಳ್ತಾ ಬರೋದು ಸಾಕಮ್ಮಾ, ಈ ವರ್ಷ ಓಟ ಬಿಡಿಸಿಬಿಡು” ಎಂದು ಬರೆದಿದ್ದೆ. ತಂದೆಯ ಕರುಳು ಆಡಿಸಿದ ಮಾತು; ಅದಕ್ಕಾಗಿ ಗದರಿಸಲಾರೆ. ಆದರೆ ಉತ್ತರವನ್ನು ಪೂರ್ತಿ ಓದದೆ ಅಂಕ ಕೊಡುವ ಪದ್ಧತಿ ನನ್ನ ತರಗತಿಯಲ್ಲಿ ಎಂದೂ ಇರಲಿಲ್ಲವಾದ್ದರಿಂದ, ನೀನೂ ಇದನ್ನು ಪೂರ್ತಿ ಓದಿ ತೀರ್ಮಾನಿಸು.

ನಮ್ಮ ಗುಬ್ಬಿಗೆ ದಮ್ಮಿನ ಕೊರತೆ ಎಂದೂ ಇರಲಿಲ್ಲ. ಮೂರು ಸಾವಿರ ಮೀಟರಿನ ಓಟದಲ್ಲಿ ಕೊನೆಯ ತಿರುವಿನವರೆಗೂ ಮುಂದಿನವರ ಹಿಮ್ಮಡಿ ಬಿಡದೆ ಅಂಟಿಕೊಂಡಿರುತ್ತಾಳೆ. ಮುಕ್ತಾಯದ ಗೆರೆ ಕಂಡೊಡನೆ ಯಾರೋ ಜಡೆ ಹಿಡಿದೆಳೆದಂತೆ ಹಿಂದಾಗುತ್ತಾಳೆ. ಅವಳ ತರಬೇತುದಾರರು, ಬಾಯಲ್ಲಿ ಸೀಟಿ ಇಟ್ಟುಕೊಂಡೇ ಮಾತಾಡುವ ಮನುಷ್ಯ, ಕೊನೆಯ ಬಿರುಸು ಬೆಳೆಸಲೆಂದು ಏರುರಸ್ತೆಯಲ್ಲಿ ಓಡಿಸಿದರು; ದೂರದ ಓಟ ಮುಗಿಯುವ ಹೊತ್ತಿಗೆ ವೇಗ ಹೆಚ್ಚಿಸುವುದನ್ನು ಕಲಿಸಿದರು. “ದಣಿಯೋಕೆ ಮುಂಚೆ ಯಾರು ಬೇಕಾದ್ರೂ ಜೋರಾಗಿ ಓಡ್ತಾರೆ ಟೀಚರ್, ದಣಿದ ಕಾಲಿಗೆ ಜೋರು ಕಲಿಸ್ಬೇಕು” ಎಂಬುದು ಅವರ ವಾದ. ವಾದ ಸರಿಯಾದದ್ದೇ, ಕಾಲು ಕಲಿಯಿತು. ಬೇಕರಿಯ ಮೂಲೆಯಿಂದ ಮನೆಯತ್ತ ಅವಳು ಕೈ ಬೀಸಿಕೊಂಡು ನುಗ್ಗುವಾಗ ಸೈಕಲ್ಲಿನವರು ತಾವಾಗಿಯೇ ಪಕ್ಕಕ್ಕೆ ಸರಿಯುತ್ತಿದ್ದರು. ಆದರೂ ಸ್ಪರ್ಧೆಯಲ್ಲಿ ಅದೇ ಹಾಡು. “ಗೆರೆ ಹತ್ರ ಬಂದ್ರೆ ಕಾಲು ನನ್ ಮಾತೇ ಕೇಳಲ್ಲ ಅಜ್ಜೀ” ಎಂದು ಅತ್ತಳು.

ಒಂದು ಸಂಜೆ ಜಗಲಿಯಲ್ಲಿ ಬಟಾಣಿ ಸುಲಿಯುತ್ತ ಕುಳಿತಿದ್ದವಳು, ಓಡಿ ಬರುತ್ತಿದ್ದ ಅವಳ ಮುಖ ನೋಡುವುದನ್ನು ಬಿಟ್ಟು ಪಾದ ನೋಡಿದೆ. ದೀಪದ ಕಂಬ ದಾಟುತ್ತಲೇ ಹೆಜ್ಜೆ ಗಿಡ್ಡವಾಯಿತು, ಎದೆ ಹಿಂದಕ್ಕೆ ವಾಲಿತು, ಕೈ ಗೇಟಿನ ಅಗುಳಿಯತ್ತ ಚಾಚಿತು. ಪಕ್ಕದ ಮನೆಯ ಮೇಕೆ ನನ್ನ ಗುಲಾಬಿಗೆ ಬಾಯಿ ಹಾಕದಿರಲೆಂದು ನಮ್ಮ ಗೇಟು ಸದಾ ಮುಚ್ಚಿರುತ್ತದೆಂಬುದು ನಿನಗೆ ಗೊತ್ತೇ ಇದೆ. ಅವಳ ಓಟ ದಿನವೂ ಮುಗಿಯುವುದು ಆ ಗೇಟಿನಲ್ಲಿ. ಅದಕ್ಕೆ ಡಿಕ್ಕಿ ಹೊಡೆಯದಿರಲು ದಿನವೂ ಮುಂಚೆಯೇ ವೇಗ ಇಳಿಸಬೇಕು. ಬಿರುಸನ್ನು ಅಭ್ಯಾಸ ಮಾಡಿದಷ್ಟೇ ಶ್ರದ್ಧೆಯಿಂದ ಹುಡುಗಿ ನಿಲ್ಲುವುದನ್ನೂ ಅಭ್ಯಾಸ ಮಾಡಿದ್ದಳು. ಮೈದಾನದ ಸುಣ್ಣದ ಗೆರೆಯೂ ಅವಳ ಕಾಲಿಗೆ ನಮ್ಮ ಗೇಟೇ ಆಗಿತ್ತು!

ಮರುದಿನದಿಂದ ಗೇಟು ತೆರೆದಿಟ್ಟೆ. ಅದನ್ನು ದಾಟಿ, ಮನೆಯ ಪಕ್ಕದ ಓಣಿ ಹಿಡಿದು, ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುವ ತಂತಿಯವರೆಗೆ ಓಡಬೇಕೆಂದು ಆಜ್ಞೆಯಾಯಿತು. ಮೊದಮೊದಲು ತೆರೆದ ಗೇಟಿನ ಮುಂದೆಯೂ ತಡವರಿಸಿದಳು. ಆಮೇಲೊಂದು ಸಂಜೆ ಒಂದೇ ಉಸಿರಿಗೆ ಒಳನುಗ್ಗಿ, ನನ್ನ ಬಟಾಣಿಯ ತಟ್ಟೆಯನ್ನು ಚೆಲ್ಲಾಪಿಲ್ಲಿ ಮಾಡಿಕೊಂಡೇ ಹೋದಳು. ಬೈಯಬೇಕೆಂದು ಎದ್ದವಳು ಚಪ್ಪಾಳೆ ತಟ್ಟಿದೆ. ಮೇಕೆಯೂ ಅವಕಾಶ ಬಿಡಲಿಲ್ಲ. ಗುಲಾಬಿಯಲ್ಲೀಗ ಮುಳ್ಳಷ್ಟೇ ಉಳಿದಿದೆ. “ಅಯ್ಯೋ ಅತ್ತೇ, ನಿಮ್ ಗಿಡ!” ಎಂದು ನಿನ್ನ ಹೆಂಡತಿ ಎದೆ ಹಿಡಿದುಕೊಂಡಾಗ “ಚಿಗುರುತ್ತೆ ಬಿಡಮ್ಮಾ” ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದೆಂದು ಅವಳು ಇನ್ನೂ ನಂಬಿಲ್ಲ.

ನಿನ್ನೆ ಅಂತರಶಾಲಾ ಸ್ಪರ್ಧೆಯಿತ್ತು. ಕೊನೆಯ ತಿರುವಿನಲ್ಲಿ ಗುಬ್ಬಿ ನಾಲ್ಕನೆಯವಳು. ಗೆರೆ ಕಂಡಿತು, ನಾನು ಸೆರಗನ್ನು ಹಿಂಡಿ ಹಿಡಿದೆ. ಹೆಜ್ಜೆ ಗಿಡ್ಡವಾಗಲಿಲ್ಲ. ಇಬ್ಬರನ್ನು ದಾಟಿದಳು, ಗೆರೆಯನ್ನು ದಾಟಿದಳು, ನೀರಿನ ಡ್ರಮ್ಮಿನ ಬಳಿ ಕೈಚಾಚಿ ನಿಂತಿದ್ದ ತರಬೇತುದಾರರನ್ನೂ ದಾಟಿದಳು. ಅವರು ಸೀಟಿ ಊದುತ್ತ ಹಿಂದೆ ಓಡಬೇಕಾಯಿತು. ಎರಡನೆಯ ಸ್ಥಾನ! ಮುಂದಿನ ತಿಂಗಳ ದೊಡ್ಡ ಸ್ಪರ್ಧೆಗೆ ಆಯ್ಕೆಯಾಗಿದ್ದಾಳೆ. ಆದರೆ ಅವಳ ತಂದೆ ಹೂಂ ಎನ್ನುವವರೆಗೆ ಹೆಸರು ಸೇರಿಸಬೇಡಿರೆಂದು ಹೇಳಿ ಬಂದಿದ್ದೇನೆ. ಮಗಳು ನಿನ್ನವಳು, ನಿನ್ನ ಮಾತನ್ನು ಮೀರಿ ನಾನು ನಡೆಯುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಪುಡಿ ಹಚ್ಚಿಕೋ. ಕಡಲು ನಿನ್ನನ್ನು ಜೋಪಾನವಾಗಿ ದಡಕ್ಕೆ ತಲುಪಿಸಲಿ.

ಇಂತು ನಿನ್ನ ಹಿತವನ್ನೇ ಬಯಸುವ,
ಅಮ್ಮ

ಮ.ಬ.: ಲಕೋಟೆ ಅಂಟಿಸುವ ಮುನ್ನ ಇದೊಂದನ್ನು ಹೇಳಿಬಿಡುತ್ತೇನೆ. ತಂತಿಯವರೆಗೆ ಓಡೆಂದ ದಿನ “ಬರೀ ತಂತಿ ಮುಟ್ಟೋಕೆ ಯಾರು ಅಷ್ಟು ಜೋರಾಗಿ ಓಡ್ತಾರೆ ಅಜ್ಜೀ” ಎಂದು ಅವಳೇ ನಿನ್ನ ಹಳೆಯ ನೀಲಿ ಅಂಗಿಯನ್ನು ತಂದು ಅದಕ್ಕೆ ನೇತುಹಾಕಿದಳು. ದಿನವೂ ಅದರ ತೋಳು ಹಿಡಿದ ಮೇಲೆಯೇ ನಿಲ್ಲುತ್ತಾಳೆ. ಎಳೆದು ಎಳೆದು ಹೊಲಿಗೆ ಬಿಟ್ಟಿತ್ತು, ಹೊಲಿದಿಟ್ಟಿದ್ದೇನೆ. ದೊಡ್ಡ ಸ್ಪರ್ಧೆ ನಿನ್ನ ರಜೆಯ ಮೊದಲ ಭಾನುವಾರ ಬಿದ್ದಿದೆ. ಆ ಅಂಗಿ ತೊಟ್ಟು ಬಾ. ಗೆರೆಯ ಪಕ್ಕದಲ್ಲಿ ನಿಲ್ಲಬೇಡ ಮಗನೇ. ಆಚೆ ನಿಲ್ಲು, ಸಾಕಷ್ಟು ಆಚೆ.