ಸಾಣೆಕಲ್ಲಿನ ಸ್ಪಿಂಡಲ್

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಅಪ್ಪಾ,

ಮೊದಲು ಒಂದು ದೊಡ್ಡ ಅಪ್ಪುಗೆ, ಆಮೇಲೆ ಕ್ಷಮೆ. ಮದುವೆಯಾಗಿ ಬಂದ ವಾರದಲ್ಲೇ ಉದ್ದನೆಯ ಕಾಗದ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಬರೆಯಲಿಲ್ಲ. ಇವತ್ತು ಬೆಳಗಿನಿಂದ ಬರೆದು ಬರೆದು ಹರಿದಿದ್ದೇನೆ. ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಯಾಕೆ ಎದ್ದೆ ಅನ್ನಿಸುತ್ತದೆ. ಈಗಲೂ ಒಂದು ಕಾಲನ್ನು ಕುರ್ಚಿಯ ಮೇಲೆ ಮಡಚಿಕೊಂಡು, ಇನ್ನೊಂದನ್ನು ಅಲ್ಲಾಡಿಸುತ್ತ ಬರೆಯುತ್ತಿದ್ದೇನೆ. ಇಂಗ್ಲಿಷ್ ಶಾಲೆಯಲ್ಲಿ ಕಲಿತವಳ ಕನ್ನಡ. ತಪ್ಪಿದ್ದರೆ ಅಮ್ಮ ತಿದ್ದಿಕೊಳ್ಳಲಿ, ನೀನು ಸುಮ್ಮನೆ ಓದು.

ಒಳ್ಳೆಯ ಸುದ್ದಿ ಮೊದಲು. ನಾನು ಸಿಕ್ಕಾಪಟ್ಟೆ ಖುಷಿಯಾಗಿದ್ದೇನೆ! ‘ಇವರು’ (ಹೀಗೆ ಬರೆಯುವಾಗ ಇನ್ನೂ ನಗು ಬರುತ್ತದೆ) ಹಲ್ಲುಜ್ಜುತ್ತ ಹಾಡುತ್ತಾರೆ. ನಾನು ಮಾಡಿದ ಕಾಫಿ ಕೆಟ್ಟಿದ್ದರೆ, “ನಿನಗೆ ಬೇಡ, ಹೊಟ್ಟೆ ಹಾಳಾಗುತ್ತೆ” ಎಂದು ಎರಡೂ ಲೋಟ ತಾವೇ ಕುಡಿದುಬಿಡುತ್ತಾರೆ. ಅತ್ತೆಯ ನಾಲಿಗೆ ನಿನ್ನ ಅರದ ಹಾಗೆ, ಮುಂದಕ್ಕೆ ತಳ್ಳಿದಾಗ ಮಾತ್ರ ಕೊರೆಯುತ್ತದೆ. ನಾನು ಹಿಂದಕ್ಕೆ ಎಳೆಯುವುದನ್ನು ಕಲಿತಿದ್ದೇನೆ.

ಇನ್ನು ಲೋಹ ಕಡೆಯುವ ನಿನ್ನ ಲೇತ್. ಹಿಂದಿನ ಕೋಣೆಯಲ್ಲಿ, ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕದಲ್ಲಿ ಸುಖವಾಗಿದೆ. ಅದನ್ನು ಗಾಡಿಗೆ ಏರಿಸಿದ ದಿನ ನೀನು ಇವರ ಎರಡೂ ಕೈ ಹಿಡಿದುಕೊಂಡು, “ಅಳಿಯಂದಿರೇ, ನನ್ನ ಕಣ್ಣು ಇನ್ನು ಇದಕ್ಕೆ ಸಾಲದು. ಇದು ನಿಮ್ಮ ವಶ, ಮಗು ಥರ ನೋಡ್ಕೊಳ್ಳಿ” ಅಂದೆ. ನಾನು ಅಲ್ಲೇ ನಿಂತಿದ್ದೆ, ಲೋಹದ ತುಂಡನ್ನು ಕಚ್ಚಿ ಹಿಡಿಯುವ ಚಕ್ಕಿನ ಕೀಲಿ ಹಿಡಿದುಕೊಂಡು. ಇವರು ನಿಜವಾಗಿಯೂ ಮಗುವಿನಂತೆಯೇ ನೋಡಿಕೊಳ್ಳುತ್ತಾರೆ: ಒರೆಸಿ ಮುದ್ದಾಡುತ್ತಾರೆ, ಅತ್ತರೆ ಮಾತ್ರ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ.

ಸಾಣೆ ಹಿಡಿಯುವ ಗ್ರೈಂಡರ್ ಹೇಗಾಯಿತು ಎಂದು ನಿನ್ನೆ ಫೋನಿನಲ್ಲಿ ಕೇಳಿದೆಯಲ್ಲ? ಪೂರ್ತಿ ಹೇಳುತ್ತೇನೆ, ಒಂದೂ ಬಿಡದೆ. ಇದು ನನ್ನ ಕೈಬರಹದಲ್ಲೇ ನಿನಗೆ ತಲುಪಬೇಕು.

ಇವರಿಗೆ ಅಂಗೈಯಗಲದ ಉಗಿ ಎಂಜಿನ್ ಮಾಡುವ ಹುಚ್ಚು. ಅದರೊಳಗಿನ ದಂಡವನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿದರು. ಗಟ್ಟಿಯೇನೋ ಆಯಿತು, ಜೊತೆಗೆ ಚೂರು ಸೊಟ್ಟಗೂ ಆಯಿತು. ಈಗ ಲೇತಿನ ಕೊರೆಯುವ ಟೂಲ್ ಮುಟ್ಟಿಸಿದರೆ ಗಾಜಿನ ಮೇಲೆ ಉಗುರು ಎಳೆದ ಹಾಗೆ ಜಾರುತ್ತದೆ. ಕಲ್ಲಿನಿಂದ ಸಾಣೆ ಹಿಡಿಯದೆ ಬೇರೆ ದಾರಿಯಿಲ್ಲ. ಹಾಗಾಗಿ ಟೂಲ್ ಇರುವ ಜಾಗದಲ್ಲೇ ಕೂರಿಸುವ ಪುಟ್ಟ ಗ್ರೈಂಡರ್ ಮಾಡಲು ಹೊರಟರು: ಹಳೆಯ ಹೊಲಿಗೆ ಯಂತ್ರದ ಮೋಟಾರು, ಒಂದು ಬೆಲ್ಟು, ಎರಡು ಬೇರಿಂಗುಗಳಲ್ಲಿ ತಿರುಗುವ, ಇವರೇ ಲೇತಿನಲ್ಲಿ ಕಡೆದ ಉಕ್ಕಿನ ಸ್ಪಿಂಡಲ್, ಅದರ ತುದಿಗೆ ಬಿಸ್ಕತ್ತಿನಷ್ಟು ಸಾಣೆಕಲ್ಲು.

ಚಾಲೂ ಮಾಡಿದರು. ಅಯ್ಯೋ ಅಪ್ಪಾ, ಆ ಸದ್ದು! ಕಣಜದ ಗೂಡಿಗೆ ಕೋಲು ಹಾಕಿದ ಹಾಗೆ. ಉಕ್ಕಿನ ಮೇಲೆ ಬರೀ ಅಲೆ ಅಲೆ ಗುರುತು. ಬೆಲ್ಟ್ ಬಿಗಿ ಮಾಡಿದರು, ಸಡಿಲ ಮಾಡಿದರು, ಕಲ್ಲು ಬದಲಾಯಿಸಿದರು, ಮೋಟಾರಿಗೆ ಬೈದರು. ನಾನು ಬಾಗಿಲಲ್ಲಿ ನಿಂತು ಒಂದೇ ಟವೆಲ್ಲನ್ನು ಮಡಚುತ್ತ, ಬಿಚ್ಚುತ್ತ, ಮತ್ತೆ ಮಡಚುತ್ತ ಇದ್ದೆ. ಕೈ ಹೇಗೆ ತುರಿಸುತ್ತಿತ್ತು ಗೊತ್ತಾ!

“ಏನು, ಮುಖ ಹಾಗೆ?” ಅಂದರು.

“ಏನಿಲ್ಲ.”

“ನಿನ್ನ ಏನಿಲ್ಲ ಈಗೀಗ ನಂಗೆ ಅರ್ಥ ಆಗ್ತಿದೆ. ಹೇಳು.”

“ಸ್ಪಿಂಡಲ್ಲಿನ ಒಂದು ತುದಿ ಮಾಡಿ, ಚಕ್ಕಿಂದ ಬಿಚ್ಚಿ, ತಿರುಗಿಸಿ ಹಿಡಿದು ಇನ್ನೊಂದು ತುದಿ ಮಾಡಿದ್ರಲ್ಲ, ಅಲ್ಲೇ ಕೆಟ್ಟಿದ್ದು. ಬೇರಿಂಗ್ ಕೂರೋ ಎರಡು ಜಾಗ ಒಂದೇ ನೇರಕ್ಕೆ ಇಲ್ಲ.”

“ಅದನ್ನ ಮಾಡಿ ಎಷ್ಟು ದಿನ ಆಯ್ತು! ಆಗ್ಲೇ ಬಾಯಿ ಬಿಡೋಕೇನಾಗಿತ್ತು?”

“ಲೇತ್ ನಿಮ್ಮದಲ್ವಾ?”

ಬಾಯಿಂದ ಜಾರಿದ ಮೇಲೆ ನನಗೇ ಕೆಡುಕೆನಿಸಿತು. ಇವರು ತಮ್ಮ ಕೆಲಸದ ಕನ್ನಡಕ ತೆಗೆದು ನನ್ನ ಮೂಗಿನ ಮೇಲೆ ಕೂರಿಸಿದರು. “ಬನ್ನಿ ಮೇಡಂ. ಮಾಡಿ ತೋರಿಸಿ. ನಾನು ಬಾಗಿಲಲ್ಲಿ ನಿಂತು ಟವೆಲ್ ಮಡಚ್ತೀನಿ.”

ಅಪ್ಪಾ, ನಿನ್ನ ಪಕ್ಕದಲ್ಲಿ ನಿಂತೇ ಬೆಳೆದವಳು ನಾನು. ದೀಪ ಹಿಡಿದಿದ್ದೇನೆ, ಲೋಹದ ಸುರುಳಿಗಳನ್ನು ಗುಡಿಸಿದ್ದೇನೆ, ಮೈಕ್ರೋಮೀಟರ್ ಓದಿ ಹೇಳಿದ್ದೇನೆ. ಹಿಡಿಕೆ ತಿರುಗಿಸಿದ್ದು ಮಾತ್ರ ಇದೇ ಮೊದಲು. ಮೊದಲ ತುಂಡು ಕೆಟ್ಟಿತು. ಆಸೆಗೆ ಬಿದ್ದು ಒಂದು ಸುತ್ತು ಹೆಚ್ಚೇ ತೆಗೆದೆ, ಬೇರಿಂಗ್ ಅದರ ಮೇಲೆ ಅಪ್ಪನ ಚಪ್ಪಲಿ ಹಾಕಿಕೊಂಡ ಮಗುವಿನ ಹಾಗೆ ಲೊಡಬಡ ಅಂದಿತು. ಇವರು ನಗಲಿಲ್ಲ. ಸುಮ್ಮನೆ ಇನ್ನೊಂದು ತುಂಡು ಕತ್ತರಿಸಿ ಕೊಟ್ಟರು.

ಎರಡನೆಯದಕ್ಕೆ ಎರಡೂ ತುದಿಯಲ್ಲಿ ಗುಳಿ ಕೊರೆದು, ಲೇತಿನ ಎರಡು ಮೊನೆಗಳ ನಡುವೆ ಹಿಡಿದೆ. ಹಾಗೆ ಹಿಡಿದರೆ ಎಷ್ಟು ಸಲ ತಿರುಗಿಸಿ ಹಾಕಿದರೂ ಅದೇ ಗುಳಿಗಳ ಮೇಲೆ ಕೂರುತ್ತದೆ, ನೇರ ತಪ್ಪುವುದಿಲ್ಲ. ಕೊನೆಕೊನೆಗೆ ಎಷ್ಟು ಸಣ್ಣಗೆ ತೆಗೆದೆನೆಂದರೆ ಉಕ್ಕು ಕೂದಲೆಳೆಯಂತೆ ಬಂತು. ತೆಗೆದೆ, ಅಳೆದೆ, ಬೆವರು ಒರೆಸಿಕೊಂಡೆ, ಮತ್ತೆ ಅಳೆದೆ. ಬೇರಿಂಗ್ ಬಿಗಿಯಾಗಿ ಕೂರಬೇಕು, ಆದರೆ ಸುತ್ತಿಗೆ ತಾಗಿಸುವಂತಿಲ್ಲ. ಆಗ ನನಗೊಂದು ಉಪಾಯ ಹೊಳೆಯಿತು, ಇದು ನಿನ್ನಿಂದ ಕದ್ದದ್ದಲ್ಲ! ಇಸ್ತ್ರಿಪೆಟ್ಟಿಗೆಯನ್ನು ತಲೆಕೆಳಗು ಮಾಡಿ, ಸಣ್ಣ ಬಿಸಿಯಲ್ಲಿ, ಅದರ ಮೇಲೆ ಬೇರಿಂಗ್ ಇಟ್ಟೆ. ಬಿಸಿಗೆ ಹಿಗ್ಗಿ, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಜಾರಿ ಕೂತುಬಿಟ್ಟಿತು.

ಅಷ್ಟರಲ್ಲಿ ಅತ್ತೆ ಬಂದರು. “ಸೊಸೆ ಇಸ್ತ್ರಿ ಮಾಡ್ತಾಳೆ ಅಂತ ಹಿಗ್ಗಿದ್ದೆ ಕಣೋ,” ಎಂದು ಮಗನಿಗೆ ದೂರು. “ನೋಡಿದ್ರೆ ಇಸ್ತ್ರಿಪೆಟ್ಟಿಗೇನೇ ಅಂಗಾತ ಮಲಗ್ಸಿದಾಳೆ!”

ಕಲ್ಲಿನ ಪುಡಿ ಬಿದ್ದರೆ ಲೇತಿನ ಮೈಯನ್ನೇ ತಿಂದುಹಾಕುತ್ತದೆ ಎಂದು ನೀನು ಹೇಳುತ್ತಿದ್ದೆಯಲ್ಲ, ಅದಕ್ಕೆ ಎಲ್ಲ ಕಡೆ ಒದ್ದೆ ಪೇಪರ್ ಹೊದಿಸಿದೆ.

“ಅಯ್ಯೋ, ಅದು ಇವತ್ತಿನ ಪೇಪರ್ ಕಣೇ! ನಾನಿನ್ನೂ ಓದಿಲ್ಲ.”

“ಒಣಗಿದ ಮೇಲೆ ಕೊಡ್ತೀನಿ ಅತ್ತೆ.”

“ಹೂಂ, ಬಿಸಿಬಿಸಿ ಸುದ್ದಿ ಅಂತಾರೆ, ನನಗೆ ಒಗೆದು ಒಣಗಿಸಿದ್ದು.” ಬೈಯುತ್ತಲೇ ಇದ್ದರು, ಆದರೆ ಹೋಗಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತರು.

ಸ್ವಿಚ್ ಒತ್ತಿದೆ. ಕಣಜ ಇಲ್ಲ ಅಪ್ಪಾ! ಬರೀ ಗುಂಯ್ ಎನ್ನುವ ಒಂದೇ ಸಮನಾದ ನಾದ. ಕಲ್ಲು ಮುಟ್ಟಿದ ಕಡೆ ಸಣ್ಣ ಕಿಡಿಗಳ ಸಾಲು. ಮುಗಿದ ಮೇಲೆ ಇವರು ದಂಡವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಒಂದೂ ಅಲೆಯಿಲ್ಲ. “ಅಮ್ಮಾ, ನೋಡಿಲ್ಲಿ, ನಮ್ಮನೆಗೆ ಯಾರು ಬಂದಿದಾರೆ ಅಂತ!” ಎಂದು ಕೂಗಿದರು, ಅವರ ಅಮ್ಮ ಪಕ್ಕದಲ್ಲೇ ಕೂತಿದ್ದರೂ. ನನಗೆ ಅಳು ಬಂತು. ಯಾಕೆ ಎಂದು ಕೇಳಿದ್ದಕ್ಕೆ ಕಣ್ಣಿಗೆ ಧೂಳು ಬಿತ್ತು ಅಂದೆ, ಅಷ್ಟು ದೊಡ್ಡ ಕನ್ನಡಕ ಹಾಕಿಕೊಂಡೇ!

ಅವತ್ತಿನಿಂದ ಒಂದು ಕಡೆ ನಿಲ್ಲಲಾಗುತ್ತಿಲ್ಲ. ಅಡುಗೆಗೆ ಅಂತ ಹೊರಟವಳು ಹಿಂದಿನ ಕೋಣೆಯಲ್ಲಿರುತ್ತೇನೆ. ಈ ಕಾಗದದ ನಡುವೆಯೂ ಎದ್ದು ಹೋಗಿ ಸ್ಪಿಂಡಲ್ಲನ್ನು ಬೆರಳಲ್ಲಿ ತಿರುಗಿಸಿ ಬಂದೆ. ಅದಕ್ಕೇ ಅಕ್ಷರ ಹೀಗೆ ಎಣ್ಣೆ ಎಣ್ಣೆಯಾಗಿದೆ.

ಕಣ್ಣಿಗೆ ಔಷಧಿ ಹಾಕುವಾಗ ಅಮ್ಮನ ಜೊತೆ ಜಗಳ ಆಡಬೇಡ. ಅವಳಿಗೊಂದು ಮುತ್ತು. ನನ್ನ ತಲೆಯ ಮೇಲೆ ನಿನ್ನ ಕೈ ಸದಾ ಇರಲಿ.

ನಿನ್ನ
ಗುಂಡುಸೂಜಿ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಅಪ್ಪಾ, ನಿನ್ನೆ ಫೋನಿನಲ್ಲಿ ಇವರು, “ಸ್ಪಿಂಡಲ್ ಮಾಡಿದ್ದು ನಾನಲ್ಲ ಮಾವ, ನಿಮ್ಮ ಮಗಳು” ಅಂದಾಗ ನಾನು ಪಕ್ಕದಲ್ಲೇ ಇದ್ದೆ. ನೀನು ಹೊಗಳುವುದನ್ನು ನಾನೂ ಕೇಳಲಿ ಎಂದು ಇವರೇ ಸ್ಪೀಕರ್ ಹಾಕಿದ್ದರು. ನೀನು ಜೋರಾಗಿ ನಕ್ಕೆ. “ಹೆಂಡ್ತೀನ ಖುಷಿಪಡಿಸೋಕೆ ಹೇಳ್ತಿದೀರಿ, ಒಳ್ಳೇದೇ. ಆದ್ರೆ ನನ್ನ ಕಿವಿ ಮೇಲೆ ಹೂ ಇಡಬೇಡಿ ಅಳಿಯಂದಿರೇ. ಅವಳದೇನಿದ್ರೂ ಬಾಯಿ ಜೋರು. ಕೆಲಸ ನಿಮ್ಮದೇ, ಭೇಷ್!” ಅಂದೆ.

ಇವರು ತಿರುಗಿ ಫೋನ್ ಮಾಡಿ ವಾದಿಸಲು ಹೊರಟರು. ನಾನೇ ತಡೆದೆ. ನನ್ನ ಕೆಲಸ ನನ್ನದು ಅಂತ ನನ್ನ ಅಪ್ಪನಿಗೆ ಗಂಡನ ಕೈಲಿ ಎಷ್ಟು ಸಲ ಹೇಳಿಸಲಿ? ಅದಕ್ಕೇ ಇಷ್ಟುದ್ದ ಬರೆದೆ, ಕೆಡಿಸಿದ ತುಂಡನ್ನೂ ಬಿಡದೆ. ಸ್ಪಿಂಡಲ್ ಮಾಡಿದವಳು ನಾನು ಅಪ್ಪಾ. ಈಗಲಾದರೂ ನಂಬಿದರೆ ಫೋನ್ ಮಾಡು. ಇವರ ಫೋನಿಗಲ್ಲ. ನನ್ನದಕ್ಕೆ.