ಕೆಂಪು ಕುದುರೆ ನಿಂತಾಗ

ಘಟಪ್ರಭಾ, ಮಂಗಳವಾರ

ಹುಕ್ಕೇರಿಯ ಗುರುಪಾದ ಕಾಕಾ ಅವರಿಗೆ ಶೈಲಾಳ ಶರಣು.

ಅಪ್ಪನ ಅಂಗಡಿಯ, ಗುಂಡು ಚಿಮ್ಮಿಸಿ ಆಡುವ ಕುದುರೆ ರೇಸಿನ ಪಿನ್‌ಬಾಲ್ ಯಂತ್ರ ಒಯ್ಯಲು ಶನಿವಾರ ಗಾಡಿ ಕಳಿಸಬೇಡಿ. ನಿಮಗೆ ಮಾರಲು ನಾನೇ ಒಪ್ಪಿದ್ದೆ, ನಿಜ. ಲಕ್ವಾ ಹೊಡೆದ ಮೇಲೆ ಅಪ್ಪ ಅಂಗಡಿ ಮುಚ್ಚಿದ್ದರು, ಮಾತೂ ನಿಂತುಹೋಗಿತ್ತು.

ಕೊಡುವ ಮುನ್ನ ನಡೆಯುತ್ತದೋ ಇಲ್ಲವೋ ನೋಡೋಣವೆಂದು ನಿನ್ನೆ ಅದನ್ನು ಚಾಲೂ ಮಾಡಿದೆ. ಗುಂಡು ತಾಗಿದಾಗಲೆಲ್ಲ ಗಾಜಿನ ಹಿಂದಿನ ತಗಡಿನ ಕುದುರೆಗಳು ಟಕಟಕ ಮುಂದೆ ಸರಿದವು. ಕೆಂಪು ಕುದುರೆ ಮಾತ್ರ ಅರ್ಧದಲ್ಲೇ ನಿಂತಿತು. ಕುರ್ಚಿಯಲ್ಲಿದ್ದ ಅಪ್ಪ ತೊದಲುತ್ತ, "ಬಾಜೂಕ ತಟ್ಟವಾ, ಓಡತೈತಿ" ಎಂದರು. ತಟ್ಟಿದೆ, ಓಡಿತು. "ಇನ್ನೊಂದ ಆಟ ಹಚ್ಚು" ಎಂದರು.

ನಿಮ್ಮಲ್ಲಿ ಇಂಥ ಯಂತ್ರದ ಸಣ್ಣ ಬಲ್ಬುಗಳಿದ್ದರೆ ಕಳಿಸಿ. ಅಂಕಿಗಳ ಹಿಂದಿನ ದೀಪ ಹತ್ತುವುದಿಲ್ಲ. ಪಾಯಿಂಟು ಎಷ್ಟಾಯಿತೆಂದು ಅಪ್ಪ ನನ್ನನ್ನೇ ಕೇಳುತ್ತಿದ್ದಾರೆ.

ಇಂತಿ,
ಶೈಲಾ